ಬಸ್ಸು ಹತ್ತಿಹೋದ ಪಿಂಗಾಣಿ ಕೂಸು

ಸಾನ್ ಬೆರ್ನಾರ್ದಿನೊ, ಪ್ವೆಬ್ಲಾ ಸೀಮೆ
ಜನವರಿ ೧೪, ಬುಧವಾರ

ಪ್ರೀತಿಯ ಅಕ್ಕ ಕ್ಲೆಮೆನ್ಸಿಯಾಳಿಗೆ,

ನಿನ್ನ ಎಡ ಮೊಣಕಾಲು ಹೇಗಿದೆ? ಕಾರ್ಖಾನೆಯಲ್ಲಿ ದಿನವಿಡೀ ಹೊಲಿಗೆ ಮಿಷನ್ನಿನ ಮುಂದೆ ಕೂತು ಕೂತು ಮತ್ತೆ ಊದಿಕೊಂಡಿದೆ ಎಂದು ನಿನ್ನ ಮಗ ಹೇಳಿದ. ತಿಹುವಾನಾದ ಸಮುದ್ರದ ಗಾಳಿ ಮೂಳೆಗೆ ಇಳಿಯುತ್ತದಂತೆ. ಬಿಸಿ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿಕೋ, ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಳ್ಳಬೇಡ. ನಿನ್ನ ಮಗಳು ನೊಯೆಮಿ, ಅವಳ ಮಕ್ಕಳು ಸುಖವಾಗಿರಲಿ ಎಂದು ದಿನಾ ಬಾಲಯೇಸುವಿನ ಮುಂದೆ ಹೇಳಿಕೊಳ್ಳುತ್ತೇನೆ. ನನ್ನ ಮೇಲೆ ನಿನಗೆ ಎಷ್ಟೇ ಸಿಟ್ಟಿದ್ದರೂ ಆ ಪ್ರಾರ್ಥನೆಯನ್ನು ಬೇಡ ಅನ್ನಲಾರೆ. ನಾವು ದೇವರ ದಯದಿಂದ ಇದ್ದೇವೆ. ನನ್ನ ಯಜಮಾನ ರುಪೆರ್ತೊನಿಗೆ ಡಿಸೆಂಬರಿನಿಂದ ಬಿಡದ ಕೆಮ್ಮು. ದೋನ್ ಗೋಯೋ ಬೆಟ್ಟ ಈ ವರ್ಷ ಬೂದಿ ಕಾರುವುದನ್ನು ನಿಲ್ಲಿಸಿಯೇ ಇಲ್ಲ, ಒಗೆದ ಬಟ್ಟೆ ಹಗ್ಗದ ಮೇಲೆ ಒಣಗುವಷ್ಟರಲ್ಲಿ ಮತ್ತೆ ಒಗೆಯುವ ಹಾಗಾಗಿರುತ್ತದೆ.

ಒಂಬತ್ತು ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಫೋನಿನಲ್ಲಿ ನನ್ನ ದನಿ ಕೇಳಿದರೆ ಇಟ್ಟುಬಿಡುತ್ತೀಯ. ಕಾಗದಕ್ಕಾದರೆ ಅಷ್ಟು ಸುಲಭವಾಗಿ ಕಿವಿ ಮುಚ್ಚಿಕೊಳ್ಳಲಾಗದು. ಬರೆಯುವುದಕ್ಕೆ ಕಾರಣ ನಿನ್ನ ಮಗ ನೆಸ್ತೋರ್. ನನ್ನ ಕೈಯ ರೊಟ್ಟಿ ತಿಂದು ಬೆಳೆದವನು, ಬುದ್ಧಿವಂತ ಎಂದು ನಾನೇ ಊರಿಡೀ ಹೇಳಿಕೊಂಡು ಬಂದವನು. ಈಗ ಅವನು ಮಾಡುತ್ತಿರುವ ಕೆಲಸ ಏನೆಂದು ನಿನಗೆ ಹೇಗೆ ಹೇಳಿದ್ದಾನೋ ಗೊತ್ತಿಲ್ಲ. "ಸಂಸ್ಕೃತಿ ಮತ್ತು ಇತಿಹಾಸದ ಮಾರ್ಗದರ್ಶಕ" ಎಂದು ಹೇಳಿರುತ್ತಾನೆ. ನಾನು ನೋಡಿದ್ದನ್ನು ಹೇಳುತ್ತೇನೆ ಕೇಳು. ಹದಿನೆಂಟು ಪರದೇಶಿಗಳನ್ನು ಒಂದು ತಣ್ಣನೆಯ ಬಸ್ಸಿನಲ್ಲಿ ತುಂಬಿಕೊಂಡು, ಹನ್ನೆರಡು ದಿನದಲ್ಲಿ ಏಳು ಊರು ಸುತ್ತಿಸಿ, ಇದೇ ಮೆಕ್ಸಿಕೋ ಎಂದು ಹೇಳಿ ವಿಮಾನ ಹತ್ತಿಸುತ್ತಾನೆ. ಅವರ ಕೈಯಲ್ಲಿ ಒಂದು ಪುಸ್ತಿಕೆ ಇರುತ್ತದೆ, ಮೇಲೆ ತಲೆಬುರುಡೆಯ ಚಿತ್ರ. ನಾನು ಐವತ್ತು ವರ್ಷದಿಂದ ಇಲ್ಲಿದ್ದೇನೆ, ಪಕ್ಕದ ಚೊಲೂಲಾದಲ್ಲಿ ಇರುವ ಇಗರ್ಜಿಗಳನ್ನೇ ಇನ್ನೂ ಪೂರ್ತಿ ನೋಡಿ ಮುಗಿಸಿಲ್ಲ. ಅವರು ಊಟಕ್ಕೆ ಮೊದಲು ಮುಗಿಸುತ್ತಾರೆ.

ಆ ಏಳು ಊರುಗಳ ನಡುವೆ ಒಂದು "ಹಳ್ಳಿಮನೆಯ ಊಟ" ಎಂದು ಇದೆ. ಆ ಹಳ್ಳಿಮನೆ ಅಮ್ಮನ ಮನೆ. ಅಕ್ಟೋಬರಿನಲ್ಲಿ ಬಂದು ನನ್ನ ಕೈ ಹಿಡಿದುಕೊಂಡು, "ಒಂದು ಹೊತ್ತಿನ ಊಟ ಅಷ್ಟೇ ಚಿಕ್ಕಮ್ಮ, ಹದಿನೈದು ದಿನಕ್ಕೊಂದ್ಸಲ, ನೀವು ಮಾಡೋ ಅಡಿಗೇನೇ ಮಾಡಿ" ಅಂದ. ಹಸಿದು ಬಂದವರಿಗೆ ಇಲ್ಲ ಅನ್ನುವುದು ನಮ್ಮ ಮನೆಯಲ್ಲಿ ಇಲ್ಲವಲ್ಲ, ಒಪ್ಪಿದೆ. ಮೊದಲ ದಿನವೇ ಒಂದು ಚೀಲ ತಂದ. ಒಳಗೆ ಹೂವಿನ ಕಸೂತಿಯ ಕಪ್ಪು ಮಖಮಲ್ಲಿನ ಲಂಗ, ದಕ್ಷಿಣದ ಕಡೆಯ ಹೆಂಗಸರು ಮದುವೆಗೆ ಉಡುವಂಥದ್ದು. ಅದನ್ನು ಉಟ್ಟುಕೊಂಡು ನಾನು ಒಲೆಯ ಮುಂದೆ ನಿಲ್ಲಬೇಕಂತೆ. ನಮ್ಮ ಊರಿನ ಯಾವ ಹೆಂಗಸು ಅದನ್ನು ಮುಟ್ಟಿದ್ದಾಳೆ? ಮಡಚಿ ಅವನ ಕೈಗೇ ಕೊಟ್ಟು, ನನ್ನ ಚೌಕಳಿ ಏಪ್ರನ್ನಿನಲ್ಲೇ ನಿಂತೆ. ಅವನು ಒಂದು ಕ್ಷಣವೂ ತಡವರಿಸಲಿಲ್ಲ. ಇದು ಈ ಸೀಮೆಯ ಪುರಾತನ ಉಡುಪು ಎಂದು ಅವರಿಗೆ ಹೇಳಿದನಂತೆ. ಸಂತೆಯಲ್ಲಿ ಕೊಂಡ ಏಪ್ರನ್ನು, ಅಕ್ಕ. ಒಬ್ಬಾಕೆ ಅದನ್ನು ಬಿಚ್ಚಿ ಕೊಡುತ್ತೀರಾ ಎಂದು ಕೇಳಿದಳು.

ಹಿತ್ತಲಿನ ಮಣ್ಣಿನ ಕಣಜ ನಿನಗೆ ನೆನಪಿದೆ. ನೆಸ್ತೋರ್ ಹುಟ್ಟಿದ ವರ್ಷ ನಿನ್ನ ಗಂಡ, ದೇವರು ಅವನಿಗೆ ಶಾಂತಿ ಕೊಡಲಿ, ರುಪೆರ್ತೊನ ಜೊತೆ ಸೇರಿ ಕಟ್ಟಿದ್ದು. ಅರ್ಧ ಕಟ್ಟುವಾಗ ಇಬ್ಬರೂ ಕುಡಿದು ಬಂದದ್ದರಿಂದ ಒಂದು ಕಡೆ ವಾಲಿಕೊಂಡಿದೆ. ಆ ಕಣಜದೊಳಗೆ ಕ್ರಾಂತಿಯ ಕಾಲದಲ್ಲಿ ಒಬ್ಬ ಜನರಲ್ ಮೂರು ದಿನ ಅಡಗಿದ್ದನಂತೆ, ನಮ್ಮ ಮುತ್ತಜ್ಜಿ ಅವನಿಗೆ ಜೋಳದ ರಾಶಿಯ ಸಂದಿನಿಂದ ಊಟ ಕೊಡುತ್ತಿದ್ದಳಂತೆ. ನಿನ್ನ ಮಗ ಇದನ್ನು ಕೈ ಎದೆಯ ಮೇಲಿಟ್ಟು ಹೇಳುತ್ತಾನೆ. ಕಣಜ ವಾಲಿರುವುದು ಫಿರಂಗಿ ಗುಂಡು ತಾಗಿಯಂತೆ. ಪರದೇಶಿಗಳು ಒಬ್ಬರಾದ ಮೇಲೆ ಒಬ್ಬರು ಅದರೊಳಗೆ ತಲೆ ತೂರಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ, ಹೊರಗೆ ಹದಿನೇಳು ಪೃಷ್ಠಗಳು ಸರದಿಗೆ ಕಾಯುತ್ತವೆ. ಕೋಳಿಗಳು ಕೂಡ ಆ ಹೊತ್ತಿಗೆ ಬೇಲಿ ದಾಟಿ ತೋಮಾಸಾಳ ಹಿತ್ತಲಿಗೆ ಹೋಗಿಬಿಡುತ್ತವೆ.

ಇದೆಲ್ಲ ಸಹಿಸಿದೆ. ಸಹಿಸಲಾಗದ್ದು ಒಳಗಿನ ಪೂಜೆಯ ಗೂಡಿನ ಮುಂದೆ ನಡೆಯಿತು. ಅಮ್ಮ ಸತ್ತಾಗ ಈ ಗೂಡಿನ ಬಾಲಯೇಸುವಿನ ಮೂರ್ತಿ ನನ್ನ ಬಳಿ ಉಳಿಯಿತು, ಅವನ ಪುಟ್ಟ ಬಂಗಾರಬಣ್ಣದ ಕುರ್ಚಿ ನಿನ್ನ ಜೊತೆ ತಿಹುವಾನಾಗೆ ಹೋಯಿತು. ಅದರ ಮಾತು ಈಗ ಎತ್ತುವುದಿಲ್ಲ. "ಊರಲ್ಲಿ ಉಳಿಯೋಳಿಗೇ ಬಾಲಯೇಸು" ಎಂದು ಅಮ್ಮ ಕೊನೆಗಳಿಗೆಯಲ್ಲಿ ಹೇಳಿದ್ದು ನಿನಗೂ ತಿಳಿಸಿದ್ದೇನೆ, ಊರಿಗೂ ತಿಳಿದಿದೆ. ಅಂದಿನಿಂದ ಹಬ್ಬ ಕಳೆದ ಮೇಲೆ ಅವನು ಕೂರುವುದು ಮಗುಚಿಟ್ಟ ಒಂದು ಮಣ್ಣಿನ ಬೋಗುಣಿಯ ಮೇಲೆ, ಮೇಲೊಂದು ಬಿಳಿ ಬಟ್ಟೆ ಹಾಸಿ. ಬೇರೆ ಕುರ್ಚಿ ಕೊಳ್ಳಲು ನನಗೆ ಮನಸ್ಸಾಗಲಿಲ್ಲ. ನವೆಂಬರಿನಲ್ಲಿ ನಿನ್ನ ಮಗ ಪರದೇಶಿಗಳನ್ನು ಗೂಡಿನ ಮುಂದೆ ಸಾಲಾಗಿ ನಿಲ್ಲಿಸಿ, ಬೋಗುಣಿ ತೋರಿಸಿ ಏನೋ ಹೇಳಿದ, ಎಲ್ಲರೂ ಆ ಅಂದರು. ಏನು ಹೇಳಿದೆ ಎಂದು ಕೇಳಿದೆ. ಬೋಗುಣಿ ಜೋಳದ ದೇವತೆಯ ಗರ್ಭದ ಗುರುತು, ಇಲ್ಲಿನ ಜನ ಹೊಸ ದೇವರನ್ನು ಹಳೆಯ ದೇವತೆಯ ಮೇಲೆ ಕೂರಿಸಿಕೊಂಡಿದ್ದಾರೆ ಎಂದನಂತೆ. ಕುರ್ಚಿ ಎಲ್ಲಿಗೆ ಹೋಯಿತು, ಯಾಕೆ ಹೋಯಿತು ಎಂದು ಅವನಿಗೆ ಗೊತ್ತು. ನನ್ನ ಮುಖ ನೋಡಿಯೂ ಹೇಳಿದ.

ಈಗ ಮೂವರು ರಾಜರ ಹಬ್ಬದ ದಿನಕ್ಕೆ ಬರುತ್ತೇನೆ. ಈ ವರ್ಷ ಜನವರಿ ಆರು ಸರಿಯಾಗಿ ಬಸ್ಸು ಬರುವ ಮಂಗಳವಾರವೇ ಬಿತ್ತು. ಬೇಡ ಅಂದೆ. ಮನೆಯ ರೋಸ್ಕಾ ಮನೆಯವರಿಗೆ, ಅದು ಆಟದ ರೊಟ್ಟಿಯಲ್ಲ ಅಂದೆ. ಅವನು ಪುಸ್ತಿಕೆ ತೆರೆದು ತೋರಿಸಿದ, ಆಗಲೇ ಅಚ್ಚಾಗಿತ್ತು. ಸರಿ, ಬಳೆಯ ಹಾಗೆ ದುಂಡಗೆ ಎರಡು ದೊಡ್ಡ ರೋಸ್ಕಾ ಬೇಯಿಸಿದೆ, ಒಂದರಲ್ಲಿ ಅಜ್ಜಿಯ ಕಾಲದ ಪುಟ್ಟ ಪಿಂಗಾಣಿ ಕೂಸನ್ನು ಹುದುಗಿಸಿದೆ. ಬಲಗಾಲಿನ ತುದಿ ಒಡೆದ ಅದೇ ಕೂಸು. ನೀನು ಆರು ವರ್ಷದವಳಿದ್ದಾಗ ಕಚ್ಚಿ ಒಡೆದದ್ದು, ಅಮ್ಮ ನಿನ್ನನ್ನು ಹೊಡೆಯುವ ಬದಲು ನಕ್ಕದ್ದು. ಯಾರ ತುಂಡಿನಲ್ಲಿ ಅದು ಸಿಕ್ಕಿತೋ ಅವರೇ ಫೆಬ್ರವರಿ ಎರಡರ ಮೇಣದಬತ್ತಿ ಹಬ್ಬದ ದಿನ ಬಾಲಯೇಸುವನ್ನು ಗೋದಲಿಯಿಂದ ಎತ್ತಬೇಕು, ಹೊಸ ಬಟ್ಟೆ ತೊಡಿಸಬೇಕು, ಇಗರ್ಜಿಗೆ ಹೊತ್ತುಕೊಂಡು ಹೋಗಬೇಕು, ಊರಿಗೆ ಜೋಳದ ತಮಾಲೆ ಕಡುಬು ಹಂಚಬೇಕು, ಮೂರು ವರ್ಷ ಅವನಿಗೆ ಜ್ಞಾನತಾಯಿಯಾಗಿ ನಡೆದುಕೊಳ್ಳಬೇಕು. ಎತ್ತುವವರಿಲ್ಲದೆ ಅವನು ಹುಲ್ಲಿನ ಮೇಲೆ ಮಲಗಿಯೇ ಉಳಿದ ವರ್ಷ ಈ ಮನೆಯಲ್ಲಿ ಒಂದೂ ಇಲ್ಲ. ಅಮ್ಮನ ಇನ್ನೊಂದು ಪದ್ಧತಿಯನ್ನೂ ನಾನು ಬಿಟ್ಟಿಲ್ಲ. ಮೊದಲು ಕೊಯ್ದ ತುಂಡು ಮನೆಯಲ್ಲಿ ಇಲ್ಲದವರ ಹೆಸರಿಗೆ. ಅದನ್ನು ತಟ್ಟೆಯಲ್ಲಿಟ್ಟು, ಬಟ್ಟೆ ಮುಚ್ಚಿ, ಅಡುಗೆಮನೆಯ ಕಪಾಟಿನ ಮೇಲೆ ಇಡುತ್ತೇನೆ. ಮರುದಿನ ಒಣಗಿದ್ದನ್ನು ಹಾಲಿನಲ್ಲಿ ನೆನೆಸಿ ನಾನೇ ತಿನ್ನುತ್ತೇನೆ. ಒಂಬತ್ತು ವರ್ಷದಿಂದ ಅದು ಯಾರ ಹೆಸರಿಗೆ ಎಂದು ಬಾಯಿಬಿಟ್ಟು ಹೇಳಿಲ್ಲ, ಯಾರೂ ಕೇಳಿಲ್ಲ.

ಎಲ್ಲರೂ ಮೇಜಿನ ಸುತ್ತ ಕೂತರು. ಪರದೇಶಿಗಳು ರೊಟ್ಟಿಯ ಫೋಟೋ, ಚಾಕುವಿನ ಫೋಟೋ, ನನ್ನ ಕೈಯ ಫೋಟೋ ತೆಗೆದರು. ತಿನ್ನುವುದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದರು. ಬೆಟ್ಟದ ಹೊಗೆ ನೋಡುತ್ತ ಅಂಗಳದಲ್ಲೇ ನಿಂತಿದ್ದ ಒಬ್ಬಾಕೆ ಕೊನೆಗೆ ಒಳಗೆ ಬಂದಳು. ಹೆನ್ನಿ ಎಂದು ಹೆಸರು, ಡಚ್ಚರ ದೇಶದವಳು, ಎಪ್ಪತ್ತರ ಹತ್ತಿರ, ಕಂಬದ ಹಾಗೆ ಉದ್ದ. ಅವಳಿಗೆ ತುಂಡು ಉಳಿದಿರಲಿಲ್ಲ. ನಾನು ಚಾಕೊಲೇಟು ಹಾಲು ಸುರಿಯುತ್ತಿದ್ದೆ, ನೋಡಲಿಲ್ಲ. ನಿನ್ನ ಮಗ ಎದ್ದು ಅಡುಗೆಮನೆಗೆ ಹೋಗಿ ಒಂದು ತುಂಡು ತಂದು ಅವಳ ಮುಂದಿಟ್ಟ. ಅವಳು ಕಚ್ಚಿದಳು, ಹಲ್ಲಿಗೆ ಟಕ್ಕೆಂದಿತು, ಬಾಯಿಂದ ಆ ಕಾಲೊಡೆದ ಕೂಸನ್ನು ತೆಗೆದು ಎಲ್ಲರಿಗೂ ತೋರಿಸಿದಳು. ಪರದೇಶಿಗಳು ಚಪ್ಪಾಳೆ ತಟ್ಟಿದರು. ನಮ್ಮವರು, ನಾನು, ರುಪೆರ್ತೊ, ಬಡಿಸಲು ಬಂದಿದ್ದ ಪಕ್ಕದ ಮನೆಯ ತೋಮಾಸಾ, ಮೂವರೂ ಶಿಲುಬೆಯ ಗುರುತು ಮಾಡಿಕೊಂಡೆವು. ನೆಸ್ತೋರ್ ಅವಳಿಗೆ ಏನೋ ಹೇಳಿದ, ಅವಳು ಕೂಸನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಅದೃಷ್ಟದ ಗುರುತು, ನೆನಪಿಗೆ ಇಟ್ಟುಕೊಳ್ಳಿ ಎಂದನಂತೆ. ನಾನು ಅಡುಗೆಮನೆಗೆ ಹೋಗಿ ನೋಡಿದೆ. ಕಪಾಟಿನ ಮೇಲಿನ ತಟ್ಟೆ ಖಾಲಿ, ಬಟ್ಟೆ ಪಕ್ಕದಲ್ಲಿ ಮಡಚಿಟ್ಟಿತ್ತು. ಹೊರಗೆ ಬರುವಷ್ಟರಲ್ಲಿ ಬಸ್ಸು ಹೊರಟಾಗಿತ್ತು. ತೋಮಾಸಾ ಕೈ ಒರೆಸಿಕೊಳ್ಳುತ್ತ, "ಹಸಿಂತಾ, ನಿಮ್ ಬಾಲಯೇಸುಗೆ ಜ್ಞಾನತಾಯಿ ವಿಮಾನ ಹತ್ಕೊಂಡು ಹೋದಳಲ್ಲೇ. ಅವನು ಈ ವರ್ಷ ಪೂರಾ ಮಲ್ಗಿರ್ಬೇಕಾ?" ಅಂದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಫೋನು ಮಾಡಿದೆ. "ಒಣಗಿ ಹೋಗೋ ರೊಟ್ಟಿ ಚಿಕ್ಕಮ್ಮ, ಯಾರೂ ತಿನ್ನಲ್ಲ ಅಂತ ಕೊಟ್ಟೆ" ಅಂದ. ಯಾರೂ ತಿನ್ನುವುದಿಲ್ಲ ಎಂದು ಹೇಳಿದವನು ನಿನ್ನ ಮಗ. ಕೂಸನ್ನು ವಾಪಸು ಕೇಳು ಅಂದರೆ ಅವನ ಮರ್ಯಾದೆ ಹೋಗುತ್ತದಂತೆ. "ನೀವೇ ಬಂದು ಕೇಳಿ, ಬೆಳಿಗ್ಗೆ ಪ್ವೆಬ್ಲಾದ ದೊಡ್ಡ ಇಗರ್ಜೀಲಿ ಇರ್ತೀವಿ, ಇಪ್ಪತ್ತು ನಿಮಿಷ." ಇಪ್ಪತ್ತು ನಿಮಿಷ. ಅದನ್ನು ಕಟ್ಟಿದವರು ತಲೆಮಾರುಗಟ್ಟಲೆ ಕಲ್ಲು ಹೊತ್ತರು. ಎಂಟು ಗಂಟೆಗೆ ಹೋಗಿ ನಿಂತೆ. ಬಲಿಪೂಜೆ ನಡೆಯುತ್ತಿರುವಾಗಲೇ ಅವರು ಟೋಪಿ ಹಾಕಿಕೊಂಡು ಪಕ್ಕದ ಸಾಲಿನಲ್ಲಿ ನಡೆದು ಹೋದರು, ಎತ್ತರದ ಕಂಬಗಳನ್ನು ನೋಡುತ್ತ. ಎದುರಿಗಿದ್ದ ಪರಮಪ್ರಸಾದವನ್ನು ಒಬ್ಬರೂ ನೋಡಲಿಲ್ಲ. ಹೆನ್ನಿಯನ್ನು ಹಿಡಿದು ಕೇಳಿದರೆ, ಕೂಸು ದೊಡ್ಡ ಪೆಟ್ಟಿಗೆಯಲ್ಲಿದೆ, ಪೆಟ್ಟಿಗೆ ಬಸ್ಸಿನ ಹೊಟ್ಟೆಯಲ್ಲಿದೆ, ಮುಂದಿನ ಊರು ವಹಾಕಾ ಮುಟ್ಟುವ ತನಕ ಚಾಲಕ ಬಾಗಿಲು ತೆರೆಯುವುದಿಲ್ಲ ಎಂದು ತಿಳಿಯಿತು. ಒಂದು ಸೀಟು ಖಾಲಿ ಇತ್ತು. ಅದರವನು ಬೀದಿಯಲ್ಲಿ ಸಂಸ್ಕೃತಿ ತಿಂದು ಹೊಟ್ಟೆ ಕೆಡಿಸಿಕೊಂಡು ಹೋಟೆಲಿನಲ್ಲಿ ಮಲಗಿದ್ದ. ನಾನು ಹತ್ತಿ ಕೂತೆ. ಏಪ್ರನ್ ಬಿಚ್ಚಿಡುವುದೂ ಮರೆತಿತ್ತು.

ಹೀಗೆ ನಿನ್ನ ತಂಗಿ ಮೆಕ್ಸಿಕೋ ಪ್ರವಾಸ ಮಾಡಿದಳು ಅಕ್ಕ. ಐದು ಗಂಟೆಯ ದಾರಿ. ಮೊದಲ ಸುಂಕದ ಕಟ್ಟೆ ಬರುವ ಮೊದಲು ಮೂರು ಸಾವಿರ ವರ್ಷ ಮುಗಿದಿತ್ತು. ಎರಡನೆಯದರ ಹತ್ತಿರ ಸ್ಪೇನಿನವರು ಬಂದಿಳಿದರು. ಕ್ರಾಂತಿಯ ಹೊತ್ತಿಗೆ ಎಲ್ಲರೂ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ಪರದೆ ಎಳೆದುಕೊಂಡಿದ್ದರಿಂದ ಹೊರಗಿನ ದೇಶ ಒಬ್ಬರಿಗೂ ಕಾಣಲಿಲ್ಲ. ನಾನು ಜಪಸರ ತೆಗೆದು ಎರಡನೆಯ ರಹಸ್ಯದ ಜಪ ಹೇಳುತ್ತಿದ್ದೆ, ನಿನ್ನ ಮಗ ಮೈಕಿನಲ್ಲಿ ಏನೋ ಅಂದ, ಎದ್ದಿದ್ದವರೆಲ್ಲ ತಿರುಗಿ ನನ್ನ ಫೋಟೋ ತೆಗೆದರು. ಏನಂದೆ ಎಂದು ಕೇಳಿದರೆ, "ನೂರಾರು ವರ್ಷದ ನಂಬಿಕೆ ಇನ್ನೂ ಜೀವಂತವಾಗಿದೆ ಅಂದೆ, ತಪ್ಪಾ?" ಅಂದ. ಪ್ರಾರ್ಥನೆ ಮಾಡುವವಳನ್ನು ಪಂಜರದ ಗಿಳಿಯ ಹಾಗೆ ತೋರಿಸುವುದು ತಪ್ಪಲ್ಲವಾ ಎಂದು ನಾನು ಕೇಳಿದೆ. ಅವನು ನನ್ನ ಪಕ್ಕ ಬಂದು ಕೂತ. ಸಿಕ್ಕಿದ್ದೇ ಸಾಕೆಂದು ಎಲ್ಲವನ್ನೂ ಹೇಳಿಬಿಟ್ಟೆ. ಕಣಜದ ಸುಳ್ಳು, ಬೋಗುಣಿಯ ಸುಳ್ಳು, ಅದೃಷ್ಟದ ಸುಳ್ಳು, ಅಮ್ಮನ ಮನೆಯಲ್ಲಿ ಯಾರೂ ಹೀಗೆ ಬಾಯಿಗೆ ಬಂದದ್ದು ಹೇಳಿದವರಲ್ಲ ಎಂದು. ಅವನಿಗೆ ಸಿಟ್ಟು ಬರಲಿಲ್ಲ. ಅವನ ನಗು ಅವನಪ್ಪನದೇ. "ನೀವು ಸುಮ್ನೆ ಬೈತೀರ ಚಿಕ್ಕಮ್ಮ. ಜನರಲ್ ಕಥೆ ಮೊದ್ಲು ಯಾರೂ ನಂಬ್ತಿರ್ಲಿಲ್ಲ. ಆಮೇಲೆ, ಅಜ್ಜಿ ಸಾಯೋವಾಗ ನನ್ ಕೈ ಹಿಡ್ಕೊಂಡು ಹೇಳಿದ್ಳು ಅಂತ ಸೇರಿಸಿದೆ. ಸಾಯೋರು ಹೇಳಿದ್ದು ಅಂದ್ರೆ ಯಾರೂ ಎದುರು ಪ್ರಶ್ನೆ ಕೇಳಲ್ಲ, ನೋಡಿ." ಹೀಗೆಂದು ಎದ್ದು ಮತ್ತೆ ಮೈಕಿನ ಹತ್ತಿರ ಹೋದ. ನಾನು ಪರದೆ ಸರಿಸಿ ಹೊರಗೆ ನೋಡುತ್ತ ಕೂತೆ. ಗುಡ್ಡದ ಮೇಲೆಲ್ಲ ಕಂಬಗಳ್ಳಿ, ಕಣ್ಣು ಹರಿದಷ್ಟು ದೂರ. ಜಪ ಎಲ್ಲಿಗೆ ನಿಂತಿತ್ತೋ ಮರೆತುಹೋಯಿತು.

ವಹಾಕಾದಲ್ಲಿ ಇಳಿದ ಮೇಲೆ ಪೆಟ್ಟಿಗೆ ತೆರೆಯುವ ಮೊದಲು "ಸ್ವಾದಯಾತ್ರೆ" ಇತ್ತು. ಸಂತೆಗೆ ಕರೆದುಕೊಂಡು ಹೋಗಿ ಏಳು ಬಗೆಯ ಮೋಲೆ ಸಾರನ್ನು ಔಷಧಿಯ ಹಾಗೆ ಚಿಕ್ಕ ಲೋಟದಲ್ಲಿ ಕುಡಿಸಿದರು. ಒಂದು ಮೋಲೆ ಮಾಡಲು ನನಗೆ ಎರಡು ದಿನ ಬೇಕು. ಏಳನ್ನೂ ಅವರು ಹತ್ತು ನಿಮಿಷದಲ್ಲಿ ನುಂಗಿ, ಮೂರನೆಯದು ಚೆನ್ನಾಗಿತ್ತು, ಐದನೆಯದು ಕಹಿ ಎಂದು ಅಂಕ ಹಾಕಿದರು. ಹುರಿದ ಮಿಡತೆ ಮಾರುವವಳ ಮುಂದೆ ಒಬ್ಬ ದೊಡ್ಡ ಗಂಡಸು ಒಂದೇ ಒಂದು ಮಿಡತೆಯನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ, ಅವನ ಹೆಂಡತಿ ಅದರ ವಿಡಿಯೋ ತೆಗೆದಳು. ಮಿಡತೆಯವಳು ನನ್ನ ಕಡೆ ನೋಡಿ, "ಇವ್ರ ಊರಲ್ಲಿ ಊಟಕ್ಕೇನು ಹುಲ್ಲು ಹಾಕ್ತಾರಾ?" ಅಂದಳು. ಆ ದಿನ ನಾನು ನಕ್ಕದ್ದು ಅದೊಂದೇ ಸಲ. ಒಂದು ಪೊಟ್ಟಣ ಕೊಂಡು ಅಲ್ಲೇ ನಿಂತು ನಿಂಬೆಹುಳಿ ಹಿಂಡಿಕೊಂಡು ತಿಂದೆ. ಅದಕ್ಕೂ ಫೋಟೋ ತೆಗೆದರು.

ನಾನು ಅವರನ್ನು ಬಿಟ್ಟು ಸೊಲೆದಾದ್ ಮಾತೆಯ ಗುಡಿಗೆ ನಡೆದೆ. ಅಮ್ಮ ನಮ್ಮಿಬ್ಬರನ್ನೂ ಒಮ್ಮೆ ಕರೆತಂದಿದ್ದಳಲ್ಲ, ನಿನಗೆ ಹನ್ನೊಂದು, ನನಗೆ ಐದು. ಮಾತೆಯ ಕಪ್ಪು ಮಖಮಲ್ಲಿನ ನಿಲುವಂಗಿ ನೋಡಿ ನೀನು, ಇದರ ಹೊಲಿಗೆ ಎಲ್ಲಿದೆ, ಕಾಣಿಸೋದೇ ಇಲ್ಲ ಅಂದಿದ್ದೆ. ಆಗಲೇ ನೀನು ದರ್ಜಿಯಾದೆ. ನಾನು ಮಂಡಿಯೂರಿ ಬಹಳ ಹೊತ್ತಾದ ಮೇಲೆ ಪಕ್ಕದಲ್ಲಿ ಯಾರೋ ಕೂತ ಹಾಗಾಯಿತು. ಹೆನ್ನಿ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಳು, ಕರವಸ್ತ್ರದ ಗಂಟು ತೊಡೆಯ ಮೇಲಿತ್ತು. ಪುಸ್ತಕ ನೋಡಿ ಕಲಿತ ನಮ್ಮ ಭಾಷೆ ಅವಳದು, ನಿಧಾನ, ಆದರೆ ನೆಟ್ಟಗೆ. ಇದು ಏನು, ನಿಜವಾದದ್ದನ್ನು ಹೇಳಿ ಅಂದಳು. ಹೇಳಿದೆ. ಕೂಸು ಸಿಕ್ಕವರು ಏನು ಮಾಡಬೇಕು, ಯಾವ ದಿನ, ಎಷ್ಟು ವರ್ಷ, ಎಲ್ಲ. ಕೇಳಿ ಮುಗಿಸಿ ಅವಳು ಹೇಳಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. "ಹಾಗಾದರೆ ಇದು ನನ್ನ ಕರ್ತವ್ಯ. ನಾನು ಫೆಬ್ರವರಿ ಎರಡರವರೆಗೆ ಉಳಿಯುತ್ತೇನೆ. ಮಗುವನ್ನು ನಾನು ಎತ್ತುತ್ತೇನೆ."

ನಾನು ಹೆದರಿದೆ ಅಕ್ಕ. ಹದಿನೆಂಟು ಜನರ ಬಗ್ಗೆ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಏನೇನೋ ಅಂದುಕೊಂಡು ಬಂದವಳು ನಾನು. ಅವರಲ್ಲಿ ಒಬ್ಬಳು ಹೀಗೆ ಸರಿಯಾಗಿ ಮಾತಾಡಿದರೆ ಏನು ಹೇಳಬೇಕೆಂದು ಸಿದ್ಧವಾಗಿರಲಿಲ್ಲ. ಅವಳ ವಿಮಾನ ಹತ್ತನೆಯ ತಾರೀಖಿಗೆ. ಬಿಟ್ಟುಬಿಡುತ್ತೇನೆ ಅಂದಳು. ಯಾರ ಬಾಯಿಗೆ ಬಂತೋ ಅವರಿಗೇ ಕೂಸು ಎಂದು ಹಿಡಿದರೆ ಅವಳ ಮಾತೇ ಸರಿ. ಆದರೆ ಬಾಗಿಲು ಕಾಯುವ ನಾಯಿಗೂ ಗೊತ್ತು, ಬೇರೆಯವರ ತಟ್ಟೆಯಿಂದ ತೆಗೆದುಕೊಟ್ಟದ್ದು ತಿಂದವರದಾಗುವುದಿಲ್ಲ. ಕೊನೆಗೆ ಹೇಳಬೇಕಾಯಿತು. "ಆ ತುಂಡು ನಿಮ್ದಲ್ಲಮ್ಮ. ನನ್ನ ಅಕ್ಕನ ಹೆಸರಿಗೆ ಕೊಯ್ದಿಟ್ಟಿದ್ದು." ಒಂಬತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು, ಅದೂ ಡಚ್ಚರ ಹೆಂಗಸಿಗೆ.

ಅವಳು ತಕ್ಷಣ ಗಂಟು ಬಿಚ್ಚಿ ಕೂಸನ್ನು ನನ್ನ ಅಂಗೈಯಲ್ಲಿಟ್ಟಳು. ಫೋಟೋ ಕೇಳಲಿಲ್ಲ. ಆಮೇಲೆ ಎರಡು ಪ್ರಶ್ನೆ ಕೇಳಿದಳು. ಮೊದಲನೆಯದು, ನಿಮ್ಮ ಅಕ್ಕ ಬರುತ್ತಾರೆಯೇ. ಮಾತೆ ಎದುರಿಗೇ ನಿಂತಿದ್ದಳು. ಬರುತ್ತಾಳೆ ಅಂದುಬಿಟ್ಟೆ. ಎರಡನೆಯದು, ಇಷ್ಟು ವರ್ಷ ಅವರು ಏಕೆ ಬರಲಿಲ್ಲ. ಅದಕ್ಕೆ ಸಮುದ್ರದ ಗಾಳಿ, ಕಾರ್ಖಾನೆ, ದೂರ ಎಂದೆಲ್ಲ ಏನೋ ಹೇಳಿದೆ. ಅವಳು ತಲೆಯಾಡಿಸಿದಳು. ನಿನ್ನ ಮಗನ ಕಥೆಗಳಿಗೂ ಹಾಗೆಯೇ ತಲೆಯಾಡಿಸುತ್ತಿದ್ದುದನ್ನು ಬಸ್ಸಿನಲ್ಲಿ ನೋಡಿದ್ದೆ.

ಸಾಮಾನ್ಯ ಬಸ್ಸಿನಲ್ಲಿ ಊರಿಗೆ ಬಂದೆ. ಅದರಲ್ಲಿ ಮೈಕು ಇರಲಿಲ್ಲ, ಕೋಳಿ ಇದ್ದವು. ಪಾದ್ರಿ ಅನ್ಸೆಲ್ಮೊ ಅವರನ್ನು ಕೇಳಿದೆ. ಯಾರ ಹೆಸರಿಗೆ ಕೊಯ್ದದ್ದೋ ಅವರೇ ಎತ್ತಬೇಕು, ಅವರು ಒಲ್ಲೆ ಎಂದರೆ ಮಾತ್ರ ಬೇರೆಯವರು ಅಂದರು. ತೋಮಾಸಾ ಆಗಲೇ ತಯಾರಾಗಿ ಕೂತಿದ್ದಾಳೆ, ಬಟ್ಟೆ ಕೂಡ ನೋಡಿಟ್ಟಿದ್ದಾಳಂತೆ, ನೀಲಿ ಸ್ಯಾಟಿನ್ನು, ಅವಳ ರುಚಿ ನಿನಗೆ ಗೊತ್ತೇ ಇದೆ. ಆದ್ದರಿಂದ ನಿನಗೆ ತಿಳಿಸುವುದು ನನ್ನ ಕರ್ತವ್ಯ, ತಿಳಿಸಿದ್ದೇನೆ. ಮೂರು ದಿನದ ಬಸ್ಸು ದಾರಿ, ನಿನ್ನ ಮೊಣಕಾಲು ಬೇರೆ. ಬರಲಾಗದಿದ್ದರೆ ನೆಸ್ತೋರನ ಫೋನಿಗೆ ಇಲ್ಲ ಎಂದು ಒಂದು ಮಾತು ಹೇಳು ಸಾಕು, ನಾನು ತಪ್ಪು ತಿಳಿಯುವುದಿಲ್ಲ. ನಿನ್ನ 'ಇಲ್ಲ' ನನಗೆ ಹೊಸದಲ್ಲ. ನಿನ್ನ ಮಗನಿಗೆ ನಾನು ಹೇಳಿದ್ದೇನೆ, ಹಳ್ಳಿಮನೆಯ ಊಟ ಮುಗಿಯಿತು, ಕಣಜ ನೋಡಬೇಕಾದರೆ ಬೇರೆ ಯಾರಾದರೂ ಕುಡುಕರು ಕಟ್ಟಿದ್ದನ್ನು ಹುಡುಕಿಕೋ ಎಂದು. ಅವನು ಭಾನುವಾರ ಬಂದು ಒಲೆಯ ಮುಂದೆ ಕೂತು, ನಾಲ್ಕು ರೊಟ್ಟಿ ತಿಂದು ಹೋದ. ತೆಳ್ಳಗಾಗಿದ್ದಾನೆ. ಮೈಕು ಹಿಡಿದು ಹಿಡಿದು ಗಂಟಲೂ ಕೆಟ್ಟಿದೆ, ಜೇನು ಕೊಟ್ಟು ಕಳಿಸಿದ್ದೇನೆ.

ನೊಯೆಮಿಗೆ, ಮಕ್ಕಳಿಗೆ ನನ್ನ ಮುತ್ತು. ರುಪೆರ್ತೊ ನಿನಗೆ ನಮಸ್ಕಾರ ಹೇಳಿದ್ದಾನೆ, ಕೆಮ್ಮುತ್ತಲೇ. ಸೊಲೆದಾದ್ ಮಾತೆ ನಿನ್ನ ಕಾಲುಗಳಿಗೆ ಬಲ ಕೊಡಲಿ, ತನ್ನ ನಿಲುವಂಗಿಯ ಕೆಳಗೆ ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ತಂಗಿ,
ಹಸಿಂತಾ

ಮರೆತದ್ದು: ರುಪೆರ್ತೊ ಅಂಚೆಗೆ ಹಾಕಲು ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಅಮ್ಮ ಹಾಗೆ ಹೇಳಿರಲಿಲ್ಲ ಅಕ್ಕ. ಊರಲ್ಲಿ ಉಳಿಯುವವಳಿಗೆ ಎಂಬ ಮಾತನ್ನು ಅವಳು ಆಡಲೇ ಇಲ್ಲ. ಕೊನೆಗೆ ಅವಳು ಕೇಳಿದ್ದು ನೀರು, ಆಮೇಲೆ, "ಕ್ಲೆಮೆನ್ಸಿಯಾ ಬಸ್ಸು ಬಂತಾ?" ಉಳಿದದ್ದು ನಾನು ಸೇರಿಸಿದ್ದು. ಶನಿವಾರ ಪಾದ್ರಿಗಳಿಗೆ ಪಾಪನಿವೇದನೆಯಲ್ಲಿ ಹೇಳಿದೆ, ನನಗಲ್ಲ ಅವಳಿಗೆ ಹೇಳು ಅಂದರು. ಮೇಲೆ ಬರೆದ 'ಇಲ್ಲ' ಎಂದು ಹೇಳು ಎಂಬ ಸಾಲನ್ನು ಹೊಡೆದುಹಾಕಬೇಕಿತ್ತು, ಕಾಗದ ಹಾಳಾಗುತ್ತದೆಂದು ಬಿಟ್ಟೆ. ನೀನು ಅದನ್ನು ಓದಬೇಡ. ಬಾಲಯೇಸುವಿನ ಬಟ್ಟೆ ನಾನು ಹೊಲಿಸಿಲ್ಲ, ಅವನ ಅಳತೆ ನಿನ್ನ ಕೈಗೆ ಗೊತ್ತಿದೆ. ಬರುವಾಗ ಕುರ್ಚಿ ತೆಗೆದುಕೊಂಡು ಬಾ. ಹಬ್ಬ ಆದ ಮೇಲೆ ಅವನನ್ನೂ ಕುರ್ಚಿಯನ್ನೂ ಒಟ್ಟಿಗೇ ಕರೆದುಕೊಂಡು ಹೋಗು. ಸಮುದ್ರದ ಗಾಳಿಗೆ ಚಳಿಯಾಗದಿರಲಿ ಎಂದು ಅವನಿಗೊಂದು ಉಣ್ಣೆಯ ಹೊದಿಕೆ ಹೆಣೆಯುತ್ತಿದ್ದೇನೆ, ಎರಡನೆಯ ತಾರೀಖಿನೊಳಗೆ ಮುಗಿಯುತ್ತದೆ.